ದಿಬ್ಬದ ಮೇಲಿನ ನಳ

ನಮ್ಮೂರಿನ ಕಾಕಾ ಯಾರಿಗೂ ಯಾವತ್ತೂ ‘ಇಲ್ಲ’ ಎಂದವರಲ್ಲ. ಅವರು ತೀರಿಕೊಂಡ ಮೇಲೆ ಇದನ್ನೇ ಅವರ ದೊಡ್ಡ ಗುಣವೆಂದು ಫ್ಲೆಕ್ಸ್ ಮೇಲೆ ಹಾಕಿಸಿ ಹೈವೇ ಪಕ್ಕ ನಿಲ್ಲಿಸಿದ್ದಾರೆ. ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್, ಕೈ ಮುಗಿದ ನಗು. ಕೆಳಗೆ ‘ಇಲ್ಲ ಎಂಬ ಪದವನ್ನೇ ಅರಿಯದ ಅಭಿವೃದ್ಧಿಯ ಹರಿಕಾರ’ ಎಂಬ ಸಾಲು. ಹುಮನಾಬಾದಕ್ಕೆ ಹೋಗುವಾಗ ಒಂದು, ಬಸವಕಲ್ಯಾಣಕ್ಕೆ ಹೋಗುವಾಗ ಇನ್ನೊಂದು, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಕಂಡಾಗೆಲ್ಲ ನಾನು ಮುಖ ತಿರುಗಿಸಿಕೊಳ್ಳುತ್ತೇನೆ. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದು ಎನ್ನುತ್ತಾರೆ. ಬದುಕಿದ್ದಾಗ ಬರೆದಿದ್ದರೆ ಅವರು ಮನೆಗೆ ಬಂದು, ಚಹಾ ಕುಡಿದು, ‘ಭಾಳ ಚಲೋ ಬರದೀರಿ ಮಾಸ್ತರ’ ಎಂದು ಹೇಳಿ ಹೋಗುತ್ತಿದ್ದರು. ಅವರ ಮೇಲೆ ಸಿಟ್ಟು ಮಾಡುವುದು ಅಷ್ಟು ಕಷ್ಟದ ಕೆಲಸವಾಗಿತ್ತು.

ಹುಮನಾಬಾದಕ್ಕೂ ಬಸವಕಲ್ಯಾಣಕ್ಕೂ ನಡುವೆ ಹೈವೇಗೆ ಅಂಟಿಕೊಂಡಿರುವ ಊರು ನಮ್ಮದು. ಹೆಸರು ಬೇಡ. ಇಂಥ ಊರುಗಳು ಆ ರಸ್ತೆಯ ಉದ್ದಕ್ಕೂ ಈಗ ಒಂದನ್ನೊಂದು ತಳ್ಳಾಡಿಕೊಂಡು ಬೆಳೆಯುತ್ತಿವೆ. ನಾನು ಹುಮನಾಬಾದಿನಲ್ಲಿ ಹೈಸ್ಕೂಲ್ ಮಾಸ್ತರನಾಗಿದ್ದೆ, ನನ್ನ ಹೆಂಡತಿಗೆ ಈ ಊರಿನ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಕೆಲಸ. ಹೀಗಾಗಿ ಇಲ್ಲೇ ಮನೆ ಕಟ್ಟಿದೆವು. ಆಗ ಕಿಟಕಿ ತೆಗೆದರೆ ತೊಗರಿ ಹೊಲ ಕಾಣುತ್ತಿತ್ತು. ಆಮೇಲೆ ಹೊಲದಲ್ಲಿ ಬಿಳಿ ಬಣ್ಣ ಬಳಿದ ಕಲ್ಲುಗಳು ಎದ್ದವು, ಕಲ್ಲುಗಳ ನಡುವೆ ಮನೆಗಳು ಎದ್ದವು. ಮಕ್ಕಳ ಇಂಗ್ಲಿಷ್ ಶಾಲೆಗೆಂದು ಹುಲಸೂರಿನವರು ಬಂದರು, ಬಸವಕಲ್ಯಾಣದಲ್ಲಿ ಲಾರಿಗೆ ಬಾಡಿ ಕಟ್ಟುವ ಕೆಲಸ ಸಿಕ್ಕಿತೆಂದು ಮುಡಬಿಯವರು ಬಂದರು, ನಿರ್ಣಾದವರು ಯಾಕೆ ಬಂದರೋ ಅವರಿಗೇ ಗೊತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಹಿಂದಿನವರು ಹೇಳುತ್ತಿದ್ದರು. ನಮ್ಮಲ್ಲಿ ಊರಿಗೆ ಎಲ್ಲರೂ ಬಂದರು, ನೀರು ಮಾತ್ರ ಬರಲಿಲ್ಲ. ಇದ್ದದ್ದು ಹಳ್ಳದ ದಂಡೆಯಲ್ಲಿ ಪಂಚಾಯತಿಯ ಒಂದು ಬೋರ್‌ವೆಲ್, ಹಳೆಯ ಊರಿಗೆ ಹೇಗೋ ಸಾಲುವಂಥದ್ದು.

ಈ ಎಲ್ಲ ಕಾಲಕ್ಕೂ ಪಂಚಾಯತಿ ಕಾಕಾರ ಕೈಯಲ್ಲಿತ್ತು. ಮೊದಲು ಅವರೇ ಅಧ್ಯಕ್ಷರು. ಮಹಿಳಾ ಮೀಸಲಾತಿ ಬಂದಾಗ ಅವರ ಹೆಂಡತಿ ಅಧ್ಯಕ್ಷೆಯಾದರು, ಅದರ ಮುಂದಿನ ಸಲ ಸೊಸೆ. ಆ ಇಬ್ಬರು ಹೆಣ್ಣುಮಕ್ಕಳು ಪಂಚಾಯತಿಯ ಮೆಟ್ಟಿಲು ಹತ್ತಿದ್ದನ್ನು ಕಂಡವರಿಲ್ಲ. ಅಧ್ಯಕ್ಷರ ಕುರ್ಚಿಯ ಮೇಲೆ ಕಾಕಾರ ಟವೆಲ್ ಹಾಸಿಯೇ ಇರುತ್ತಿತ್ತು.

ಅವರಿಗೊಂದು ಚಾಳಿ ಇತ್ತು. ಮಾತಾಡುವಾಗ ಎಡಗೈಯಿಂದ ನಿಮ್ಮ ಮೊಣಕೈ ಹಿಡಿಯುತ್ತಿದ್ದರು. ನೀವು ತಕರಾರು ಹೇಳುತ್ತಿದ್ದಷ್ಟೂ ಆ ಹಿಡಿತ ಪ್ರೀತಿಯಿಂದ ಬಿಗಿಯಾಗುತ್ತಿತ್ತು. ಕೊನೆಗೆ, ‘ಆಗ್ತದ, ಯಾಕ ಆಗಂಗಿಲ್ಲ? ಬಿಲ್ಕುಲ್ ಆಗ್ತದ. ಫಿಕರ್ ಮಾಡಬ್ಯಾಡ್ರಿ’ ಎಂದು ಮೊಣಕೈ ಬಿಟ್ಟು ಬೆನ್ನು ತಟ್ಟಿದರೆ ಆ ಕೆಲಸ ಕೆಟ್ಟಿತೆಂದೇ ಲೆಕ್ಕ. ನಮ್ಮ ಓಣಿಯ ಅಣ್ಣತಮ್ಮಂದಿರಿಬ್ಬರು ಮನೆ ನಡುವಿನ ಒಂದೇ ಸಂದಿಗಾಗಿ ಜಗಳವಾಡಿ, ಒಂದೇ ದಿನ ಒಬ್ಬರ ಹಿಂದೊಬ್ಬರು ಅವರ ಬಳಿ ಹೋಗಿದ್ದರು. ಕಾಕಾ ಇಬ್ಬರಿಗೂ ‘ಆಗ್ತದ’ ಎಂದರು. ಇಬ್ಬರೂ ಖುಷಿಯಿಂದ ಬಂದು, ಅದೇ ಸಂದಿಯಲ್ಲಿ ಒಂದೇ ಸಲ ಗೋಡೆ ಎಬ್ಬಿಸಲು ಹೋಗಿ, ಒಬ್ಬರ ತಲೆ ಒಬ್ಬರು ಒಡೆದುಕೊಂಡರು. ಇಬ್ಬರನ್ನೂ ತಮ್ಮ ಜೀಪಿನಲ್ಲೇ ದವಾಖಾನೆಗೆ ಒಯ್ದವರು ಕಾಕಾ. ಹೊರಗೆ ಬೆಂಚಿನ ಮೇಲೆ ಕೂತು ಇಬ್ಬರ ಹೆಂಡಂದಿರಿಗೂ ಚಹಾ ತರಿಸಿ ಕುಡಿಸಿದರು. ಆ ಎರಡೂ ಮನೆಗಳ ದೇವರ ಕೋಣೆಯಲ್ಲಿ ಇವತ್ತು ಕಾಕಾರ ಫೋಟೋ ಇದೆ.

ಅವರು ಕಳ್ಳರಾಗಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು. ಪ್ಲಾಟ್ ಮಾರುವವರ ಹತ್ತಿರ ತಿಂದರು ಎಂದು ನಾಲ್ಕು ಜನರಂತೆ ನಾನೂ ಬೈದುಕೊಂಡು ಸುಮ್ಮನಿರಬಹುದಿತ್ತು. ತಿಂದಿದ್ದಕ್ಕೆ ನನಗೆ ಯಾವ ಗುರುತೂ ಸಿಗಲಿಲ್ಲ. ಸಾಯುವವರೆಗೂ ಅದೇ ಹಂಚಿನ ಮನೆ, ಅದೇ ಬಾಗಿಲು ಬಿಗಿಯದ ಜೀಪು. ಅವರಿಗೆ ಬೇಕಾದದ್ದು ದುಡ್ಡಲ್ಲ, ಎದುರಿಗಿದ್ದವನ ಮುಖ ಅರಳುವುದು. ಆ ಚಟಕ್ಕೆ ಒಂದು ಊರನ್ನೇ ಬಲಿ ಕೊಡಬಹುದು ಎಂಬುದನ್ನು ನಾನು ಅವರಿಂದಲೇ ತಿಳಿದದ್ದು.

ಅವರ ಕೆಲಸದ ರೀತಿಯೇ ಬೇರೆ. ಬೇರೆಯವರು ಬುಡದಿಂದ ಶುರು ಮಾಡಿದರೆ ಇವರು ತುದಿಯಿಂದ. ರಸ್ತೆಯಿಲ್ಲದ ಕಡೆ ರಸ್ತೆಯ ಹೆಸರಿನ ಬೋರ್ಡು ನೆಡಿಸಿದರು. ವೈರಿಲ್ಲದ ಕಂಬಗಳಿಗೆ ಬಲ್ಬು ಹಾಕಿಸಿದರು. ಆಮೇಲೆ ಹೊಸ ಲೇಔಟುಗಳಲ್ಲಿ ಮನೆ ಮನೆಯ ಮುಂದೆ ಒಂದೊಂದು ಮೋಟು ಪೈಪು ಹುಗಿಸಿ ಅದಕ್ಕೆ ನಳ ಕೂರಿಸಿದರು. ಪೈಪಿನ ಕೆಳತುದಿ ಮಣ್ಣಿನಲ್ಲೇ ಮುಗಿಯುತ್ತಿತ್ತು, ಮುಖ್ಯ ಲೈನಿನ ಸುಳಿವೇ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಇದೇ. ನಾನು ಕೇಳಿದ್ದಕ್ಕೆ ನನಗೇ ಪಾಠ ಹೇಳಿದರು.

‘ಮಾಸ್ತರ, ಮೊದ್ಲ ಕಣ್ಣಿಗಿ ಕಾಣಬೇಕು. ಕಂಡ್ರ ಮಂದಿಗಿ ಸಮಾಧಾನ ಆಗ್ತದ. ನೀರ ಎಲ್ಲಿ ಹೋಗ್ತದ್ರಿ? ನಳ ಇದ್ದಲ್ಲಿ ಬಂದೇ ಬರ್ತದ.’

ಜನರಾದರೂ ನಕ್ಕರೇ? ಇಲ್ಲ. ನಮ್ಮ ಕಡೆ ಹೊಸದು ಯಾವುದು ಬಂದರೂ ಪೂಜೆಯಾಗಬೇಕು. ಹೆಣ್ಣುಮಕ್ಕಳು ನಳಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕೊರಳಿಗೆ ಹೂ ಸುತ್ತಿ, ಖಣ, ಕೊಬ್ಬರಿ ಬಟ್ಟಲು, ಅಕ್ಕಿ ಇಟ್ಟು ಗಂಗವ್ವನೆಂದು ಉಡಿ ತುಂಬಿದರು. ಹೊಸ ಸೊಸೆಗೆ ಉಡಿ ತುಂಬುವ ಹಾಗೆ ಒಣ ನಳಕ್ಕೆ ಉಡಿ ತುಂಬಿದ ಊರು ಇನ್ನೊಂದು ಇರಲಿಕ್ಕಿಲ್ಲ. ಕಾಕಾ ಪ್ರತಿ ಮನೆಯ ಮುಂದೆ ನಿಂತು, ಹೆಗಲ ಟವೆಲ್ಲಿನಿಂದ ನಳ ಒರೆಸಿ, ಎರಡು ಬೆರಳಿನಿಂದ ತಿರುವಿ ತೋರಿಸುತ್ತಿದ್ದರು. ‘ನೋಡ್ರಿ, ಎಷ್ಟ ಹಗುರ ತಿರಗ್ತದ!’ ಆಕಡೆ ಟ್ಯಾಂಕರ್ ಬಂತೆಂದು ಕೂಗು ಕೇಳಿದರೆ ಅದೇ ಹೆಣ್ಣುಮಕ್ಕಳು ಪೂಜೆಯ ತಟ್ಟೆ ಕಟ್ಟೆ ಮೇಲಿಟ್ಟು ಕೊಡ ಹಿಡಿದು ಓಡುತ್ತಿದ್ದರು. ನನಗೆ ಕಾಕಾರ ಮೇಲೆ ಬಂದಷ್ಟೇ ಅಸಹ್ಯ ನಮ್ಮ ಮಂದಿಯ ಮೇಲೂ ಬಂತು.

ಆರೋಗ್ಯ ಉಪಕೇಂದ್ರದ ಕಟ್ಟಡಕ್ಕೆ ಜಾಗ ಕೊಟ್ಟವರು ಕಾಕಾ. ದಾನ ಎಂದು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಊರ ಹಿಂದಿನ ದಿಬ್ಬ, ಬರೀ ಕರೀಕಲ್ಲು, ಕುಸುಬೆಯೂ ಬೆಳೆಯದ ನೆಲ. ಅಲ್ಲಿಗೆ ನೀರು ಹತ್ತುವುದಿಲ್ಲ ಎಂದು ದನ ಕಾಯುವವರಿಗೂ ಗೊತ್ತಿತ್ತು. ಆದರೂ ಹಳೆಯ ಊರಿನ ಲೈನು ಮೊದಮೊದಲು ನಸುಕಿನಲ್ಲಿ ಒಂದಿಷ್ಟು ಹೊತ್ತು ದಿಬ್ಬದ ಮೇಲೆ ಸಣ್ಣಗೆ ಒಸರುತ್ತಿತ್ತು. ಕೆಳಗೆ ಹೊಸ ಲೇಔಟು ಆದಂತೆಲ್ಲ ಕಾಕಾ ಒಪ್ಪಿಗೆ ಕೊಟ್ಟರು, ಅದೇ ಪೈಪಿಗೆ ಇನ್ನೊಂದು ಕವಲು ಸೇರಿತು, ಮೇಲಿನ ಒಸರು ನಿಂತಿತು.

ಉಪಕೇಂದ್ರದಲ್ಲಿ ಹೆರಿಗೆ ಕೋಣೆ ಉದ್ಘಾಟನೆಯಾದ ದಿನ ಮಾತ್ರ ನೀರು ಬಂತು. ಗೋಡೆಯ ಹಿಂದೆ ಟ್ಯಾಂಕರ್ ನಿಲ್ಲಿಸಿ, ಅದರ ರಬ್ಬರ್ ಪೈಪನ್ನು ನಳದ ಪೈಪಿಗೆ ಕಟ್ಟಿದ್ದರು. ಜಿಲ್ಲೆಯಿಂದ ಬಂದ ಸಾಹೇಬರು ನಳ ತಿರುವಿದರು, ಬಳಬಳ ನೀರು, ಚಪ್ಪಾಳೆ. ಟ್ಯಾಂಕರಿನ ಮೋಟರ್ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಎಲ್ಲರೂ ಕೇಳದವರ ಹಾಗೆ ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ತಟ್ಟಲಿಲ್ಲ. ಅವಳು ಬಕೆಟ್ಟುಗಳನ್ನು ತಂದು ಸಾಲಾಗಿ ಹಚ್ಚಿ ತುಂಬಿಸಿಕೊಳ್ಳತೊಡಗಿದಳು. ಕಾಕಾಗೆ ಸಾಹೇಬರ ಮುಂದೆ ಸ್ವಲ್ಪ ಮುಜುಗರವಾಯಿತು.

ಗ್ರಾಮಸಭೆಯಲ್ಲಿ ಅವಳು ಎದ್ದು ನಿಂತು ಹೇಳಿದ್ದು ನನಗೆ ನೆನಪಿದೆ.

‘ಕಾಕಾ, ಹೊಸ ಲೇಔಟಿಗಿ ಲೈನ್ ಕೊಡೂದು ಜರಾ ನಿಲ್ಲಸ್ರಿ. ಮೊದ್ಲ ದಿಬ್ಬಕ್ಕ ಬ್ಯಾರೆ ಮೋಟರ್, ಬ್ಯಾರೆ ಪೈಪ್ ಹಾಕ್ರಿ. ಹೆರಿಗಿ ಕೋಣ್ಯಾಗ ನೀರ ಇಲ್ದ ನಾ ಕೈಯರೆ ಹ್ಯಾಂಗ ತೊಳಕೊಳ್ಳಲಿ?’

ಕಾಕಾ ಎದ್ದು ಕೈಮುಗಿದರು. ಕಣ್ಣಲ್ಲಿ ನೀರು ಬಂದಿತ್ತು. ಅವರಿಗೆ ನಿಜವಾಗಿಯೂ ಬರುತ್ತಿತ್ತು.

‘ತಂಗೀ, ನೀ ಈ ಊರಿಗಿ ತಾಯಿ ಇದ್ದಂಗ. ನಿನ್ನ ದಿಬ್ಬಕ್ಕ ನೀರ ಹೋದ ಮ್ಯಾಲೇ ಉಳದವರಿಗಿ ನೀರ. ಇದು ನನ್ನ ಮಾತ.’

ಸಭೆ ಚಪ್ಪಾಳೆ ಹೊಡೆಯಿತು. ‘ಚಪ್ಪಾಳಿ ಬ್ಯಾಡ್ರಿ, ಮೋಟರ್ ಕೊಡ್ರಿ’ ಎಂದು ಅವಳು ಕೂತಳು. ಸಭೆ ಮುಗಿದು ಹೊರಗೆ ಬಂದರೆ ಬೇವಿನ ಮರದ ಕೆಳಗೆ ಬಸವಕಲ್ಯಾಣದ ಪ್ಲಾಟ್ ವ್ಯಾಪಾರಿಯೊಬ್ಬ ಕಾರಿಗೆ ಒರಗಿ ನಿಂತಿದ್ದ. ಕಾಕಾ ಹೋಗಿ ಅವನ ಮೊಣಕೈ ಹಿಡಿದರು. ಅವರ ಕಣ್ಣು ಇನ್ನೂ ಒದ್ದೆಯಾಗಿತ್ತು. ‘ಆಗ್ತದ, ಯಾಕ ಆಗಂಗಿಲ್ಲ?’ ಎಂದದ್ದು ನನ್ನ ಕಿವಿಗೇ ಬಿತ್ತು. ಆ ತಿಂಗಳು ಮುಗಿಯುವುದರೊಳಗೆ ಜೆಸಿಬಿ ಬಂದು ಹೊಸ ಲೇಔಟಿನ ಕಡೆಗೆ ಕಾಲುವೆ ತೋಡಿತು. ದಿಬ್ಬದ ಕಡೆ ಯಾರೂ ಬರಲಿಲ್ಲ.

ನೀರಿಲ್ಲದ ಹೆರಿಗೆ ಕೋಣೆಗೆ ನನ್ನ ಹೆಂಡತಿ ಬೀಗ ಹಾಕಿದಳು. ನೋವು ಶುರುವಾದವರನ್ನೆಲ್ಲ ಹುಮನಾಬಾದಿನ ದೊಡ್ಡ ದವಾಖಾನೆಗೆ ಕಳಿಸುತ್ತಿದ್ದಳು. ಆ್ಯಂಬುಲೆನ್ಸ್ ಬಂದರೆ ಬಂತು, ಇಲ್ಲದಿದ್ದರೆ ಮಂದಿ ತುಂಬಿಕೊಂಡು ಓಡಾಡುವ ಆಟೋ. ಒಂದು ಮಳೆಗಾಲದಲ್ಲಿ ಹಾಗೆ ಕಳಿಸಿದ ಹುಡುಗಿಯೊಬ್ಬಳು ಹೈವೇ ಪಕ್ಕ, ಆಟೋದ ಹಿಂದಿನ ಸೀಟಿನಲ್ಲಿ ಹೆತ್ತಳು. ಕೂಸು ಉಳಿಯಲಿಲ್ಲ.

ಸುದ್ದಿ ಕೇಳಿ ಕಾಕಾ ಆ ಮನೆಗೆ ಹೋಗಿ ನೆಲದ ಮೇಲೆ ಕೂತು ಅತ್ತರು. ಹುಡುಗಿಯ ಅಪ್ಪನ ಮೊಣಕೈ ಹಿಡಿದುಕೊಂಡೇ ಇದ್ದರಂತೆ. ಮರುದಿನ ಬೆಳಿಗ್ಗೆ ಪ್ಲಂಬರನನ್ನು ಕರೆದುಕೊಂಡು ಉಪಕೇಂದ್ರಕ್ಕೆ ಬಂದರು. ದಿಬ್ಬದ ಮೇಲಿನ ಪ್ಲಾಸ್ಟಿಕ್ ನಳ ತೆಗೆಸಿ ಫಳಫಳ ಹೊಳೆಯುವ ಸ್ಟೀಲಿನ ನಳ ಹಾಕಿಸಿದರು.

ನಾನು ಆ ದಿನ ಅಲ್ಲಿದ್ದೆ. ‘ಕಾಕಾ, ನಿಮಗ ನಾಚಿಕಿ ಆಗಂಗಿಲ್ಲೇನ್ರಿ? ಪ್ಲಾಟಿನವ್ರಿಗಿ ಒಮ್ಮೆರೆ ಇಲ್ಲ ಅಂದಿದ್ರ ಆ ಕೂಸು ಉಳೀತಿತ್ತು’ ಎಂದೆ. ಅವರು ಸಿಟ್ಟಾಗಲಿಲ್ಲ. ಹೊಸ ನಳವನ್ನು ಟವೆಲ್ಲಿನಿಂದ ಒರೆಸುತ್ತ ನಿಂತರು.

‘ಖರೆ ಹೇಳ್ಲೇನ್ರಿ ಮಾಸ್ತರ? ಇಲ್ಲ ಅಂದ್ರ ಮಂದಿ ಮಾರಿ ಸಣ್ಣ ಮಾಡ್ತಾರ. ಅದು ನನಗ ನೋಡಾಕ ಆಗಂಗಿಲ್ಲ. ಸಣ್ಣಾಂವ ಇದ್ದಾಗಿಂದೂ ಆಗಂಗಿಲ್ಲ.’

ಇಷ್ಟು ಹೇಳಿ ನನ್ನ ಮೊಣಕೈಗೆ ಕೈ ಚಾಚಿದರು. ನಾನು ಹಿಂದೆ ಸರಿದೆ. ಅವರ ಬಾಯಿಂದ ಬಂದ ಮಾತುಗಳಲ್ಲಿ ಅದೊಂದೇ ನಿಜವೆಂದು ಇವತ್ತಿಗೂ ನಂಬುತ್ತೇನೆ. ನಿಜವಾದ್ದರಿಂದಲೇ ಅದು ನನಗೆ ಇನ್ನೂ ಹೇಸಿಗೆ ತರಿಸುತ್ತದೆ. ಒಬ್ಬ ಮನುಷ್ಯ ತನ್ನ ಮನಸ್ಸು ಮೆತ್ತಗಿದೆಯೆಂದು ಎಷ್ಟು ಜನರನ್ನು ಬಾಯಾರಿಸಬೇಕು?

ಅದಾದ ಮೇಲೆ ನನ್ನ ಹೆಂಡತಿ ಸಭೆಗೆ ಹೋಗುವುದನ್ನೇ ಬಿಟ್ಟಳು. ಮುಚ್ಚಳವಿರುವ ಒಂದು ನೀಲಿ ಡ್ರಮ್ಮು ತಂದು ಹೆರಿಗೆ ಕೋಣೆಯ ಮೂಲೆಯಲ್ಲಿ ಇಟ್ಟಳು. ನಾನು ದಿನಾ ಶಾಲೆಗೆ ಹೋಗುವ ಮುಂಚೆ ನಮ್ಮ ಹಿತ್ತಲಲ್ಲಿ ನಾವೇ ಕೊರೆಸಿಕೊಂಡಿದ್ದ ಬೋರಿನಿಂದ ಸ್ಕೂಟರಿನ ಮೇಲೆ ಕ್ಯಾನುಗಳಲ್ಲಿ ನೀರು ಹೊತ್ತು ಅದನ್ನು ತುಂಬಬೇಕು. ಕೋಣೆಯ ಬೀಗ ತೆಗೆದಳು. ‘ಇದು ಹೆರಿಗಿ ನೀರ. ಕುಡ್ಯಾಕೂ ಯಾರೂ ಮುಟ್ಟಬ್ಯಾಡ್ರಿ’ ಎಂದು ಆಶಾ ಕಾರ್ಯಕರ್ತೆಯರಿಗೂ ನನಗೂ ತಾಕೀತು ಮಾಡಿದ್ದಳು. ಬೇಸಿಗೆಯಲ್ಲಿ ಬೆವರು ಸುರಿಸುತ್ತ ಕ್ಯಾನು ಖಾಲಿ ಮಾಡಿ, ಅದೇ ನೀರಿನಲ್ಲಿ ಮುಖ ತೊಳೆಯಲು ಹೋದರೆ ನನಗೂ ಬೈಗುಳ ಬೀಳುತ್ತಿತ್ತು.

ಕಾಕಾ ತೀರಿಕೊಂಡದ್ದು ಸೊಲ್ಲಾಪುರದ ಆಸ್ಪತ್ರೆಯಲ್ಲಿ, ಉರಿಬಿಸಿಲಿನ ಕಾಲದಲ್ಲಿ. ಹೈವೇ ಮೇಲೆ ಶವ ತಂದು, ಅವರು ಒಪ್ಪಿಗೆ ಕೊಟ್ಟ ಒಂದೊಂದು ಲೇಔಟಿನಲ್ಲೂ ಮೆರವಣಿಗೆ ಮಾಡಿದರು. ಮಣ್ಣು ಕೊಡುವುದು ದಿಬ್ಬದ ಮೇಲೆ ಅವರದೇ ಉಳಿದ ಹೊಲದಲ್ಲಿ, ಉಪಕೇಂದ್ರದ ಮಗ್ಗುಲಿಗೆ. ಎರಡೂ ತಾಲೂಕುಗಳ ಮಂದಿ ಬಂದಿದ್ದರು. ದಿಬ್ಬಕ್ಕೆ ಇರುವ ಒಂದೇ ದಾರಿಯಲ್ಲಿ ಜೀಪು, ಕಾರು, ಟ್ರ್ಯಾಕ್ಟರ್ ಸಿಕ್ಕಿಕೊಂಡು ಕೂತವು. ನೀರಿಗೆಂದು ಹೇಳಿದ್ದ ಟ್ಯಾಂಕರು ಕೆಳಗೇ ಉಳಿಯಿತು.

ಅದೇ ಬೆಳಿಗ್ಗೆ ಸುನೀತಾ ಎಂಬ ಹುಡುಗಿ ಉಪಕೇಂದ್ರಕ್ಕೆ ಬಂದಿದ್ದಳು. ಮುಡಬಿಯಿಂದ ಬಂದು ಲಾರಿ ಬಾಡಿಗೆ ವೆಲ್ಡಿಂಗ್ ಮಾಡುವವನ ಹೆಂಡತಿ, ಚೊಚ್ಚಲು. ನೋವು ಹದವಾಗಿಲ್ಲ, ಕೂಸು ತಡೆದಿದೆ, ಹುಮನಾಬಾದಕ್ಕೆ ಕಳಿಸಬೇಕು ಎಂದು ನನ್ನ ಹೆಂಡತಿ ಆ್ಯಂಬುಲೆನ್ಸಿಗೆ ಫೋನ್ ಮಾಡಿದ್ದಳು. ಆ್ಯಂಬುಲೆನ್ಸ್ ಮೆರವಣಿಗೆಯ ಹಿಂದೆ ನಿಂತು ಕೂಗಿ ಕೂಗಿ ಸುಮ್ಮನಾಯಿತು. ಹೆರಿಗೆ ಇಲ್ಲೇ ಆಗಬೇಕು ಎಂದು ನನ್ನ ಹೆಂಡತಿ ಸೀರೆ ಸೆರಗು ಸೊಂಟಕ್ಕೆ ಕಟ್ಟಿದಳು. ನಾನು ಮಣ್ಣಿಗೆ ಬಂದವನು, ಸುನೀತಾಳ ಸುದ್ದಿ ಕೇಳಿ ಉಪಕೇಂದ್ರದ ಬಾಗಿಲಲ್ಲಿ ನಿಂತುಕೊಂಡೆ.

ಗುಂಡಿ ಸಿದ್ಧವಾಗಿತ್ತು. ಜಂಗಮರು ಪೂಜೆಗೆ ನೀರು ಕೇಳಿದರು. ಕಾಕಾರ ಹಿರಿಯ ಮಗ ಕೊಡ ಹಿಡಿದು ನಮ್ಮ ಕಡೆ ಬಂದ, ಹಿಂದೆ ಬಿಸಿಲಿಗೆ ಬಾಯಾರಿದ ಮಂದಿ.

‘ಸಿಸ್ಟರ್, ಡ್ರಮ್ಮಿನಾಗಿಂದು ನೀರ ಕೊಡ್ರಿ. ಅಪ್ಪಾಜಿ ಪೂಜಾಕ್ಕ ಬೇಕು. ಮಂದಿನೂ ನೀರ ನೀರ ಅನ್ನಾಕತ್ತಾರ.’

ನನ್ನ ಹೆಂಡತಿ ಕೈಗವಸು ಹಾಕಿಕೊಂಡೇ ಬಾಗಿಲಿಗೆ ಬಂದಳು. ‘ಇಲ್ಲಣ್ಣಾ, ಕೊಡಾಕ ಬರಂಗಿಲ್ಲ. ಒಳಗ ಹೆರಿಗಿ ನಡದದ. ಇರೂದು ಇದೊಂದೇ ಡ್ರಮ್ಮ.’

ಅವನಿಗೆ ಅರ್ಥವಾಗಲಿಲ್ಲ. ಅವನ ಜನ್ಮದಲ್ಲಿ ಆ ಮಾತು ಕೇಳಿರಲಿಲ್ಲವೋ ಏನೋ. ‘ಒಂದು ಕೊಡ ಸಿಸ್ಟರ್’ ಎಂದ. ಅವಳು ಮತ್ತೆ ಇಲ್ಲ ಎಂದಳು.

‘ನಮ್ಮಪ್ಪ ಕೊಟ್ಟ ಜಾಗಾದಾಗ ನಿಂತು, ನಮ್ಮಪ್ಪನ ಮಣ್ಣಿಗಿ ಒಂದು ಕೊಡ ನೀರ ಇಲ್ಲಂತೀ? ಸತ್ತವ್ರಿಗಿ ನೀರ ಇಲ್ಲ ಅಂಬೋ ಬಾಯಿ ಯಾವುದವ್ವ ಇದು?’

ಮಂದಿ ಗುಜುಗುಜು ಶುರು ಮಾಡಿದರು. ನಮ್ಮ ಕಡೆ ವೈರಿ ಬಂದರೂ ಮೊದಲು ನೀರು ಕೊಟ್ಟು ಆಮೇಲೆ ಜಗಳ. ಹಾಗಿರುವಾಗ ಸಾವಿನ ಮನೆಯವರಿಗೆ ನೀರಿಲ್ಲ ಎಂದರೆ ಅವಳನ್ನು ಈ ಊರು ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಯಾರೋ ಬಾಗಿಲು ತಳ್ಳಲು ಬಂದರು, ನಾನು ಅಡ್ಡ ನಿಂತೆ. ಒಳಗಿಂದ ಸುನೀತಾ ಚೀರಿದ ಸದ್ದು ಎಲ್ಲರಿಗೂ ಕೇಳಿತು. ನನ್ನ ಹೆಂಡತಿ ಬಾಗಿಲು ಹಾಕಿ ಒಳಗಿನಿಂದ ಅಗುಳಿ ಜಡಿದಳು.

ಕೊನೆಗೆ ಯಾರದೋ ಕಾರಿನ ಡಿಕ್ಕಿಯಿಂದ ಬಾಟಲಿ ನೀರು ತಂದರು. ಸೀಲು ಒಡೆದು ಒಡೆದು ಪೂಜೆಗೆ ಸುರಿದರು. ಖಾಲಿ ಬಾಟಲಿಗಳು ಗುಂಡಿಯ ಸುತ್ತ ಬಿದ್ದವು, ಮಣ್ಣು ಎಳೆಯುವಾಗ ಒಂದೆರಡು ಒಳಗೂ ಹೋದವು. ಅಷ್ಟು ಹೊತ್ತಿಗೆ ಉಪಕೇಂದ್ರದ ಒಳಗಿಂದ ಕೂಸಿನ ಅಳು ಬಂತು. ತಾಯಿಗೆ ರಕ್ತಸ್ರಾವ ಜಾಸ್ತಿಯಾಗಿತ್ತಂತೆ, ಡ್ರಮ್ಮಿನ ತಳ ಕಂಡಿತ್ತಂತೆ. ದಾರಿ ಬಿಟ್ಟ ಮೇಲೆ ಆ್ಯಂಬುಲೆನ್ಸ್ ಬಂದು ಇಬ್ಬರನ್ನೂ ಒಯ್ದಿತು. ಇಬ್ಬರೂ ಉಳಿದರು.

ಈಗ ಊರಲ್ಲಿ ನನ್ನ ಹೆಂಡತಿಗೆ ‘ಹೆಣಕ್ಕ ನೀರ ಕೊಡದ ನರ್ಸಬಾಯಿ’ ಎಂಬ ಹೆಸರು ಬಂದಿದೆ. ಕಿರಾಣಿ ಅಂಗಡಿಯಲ್ಲಿ ಅವಳು ಹೋದರೆ ಮಾತು ನಿಲ್ಲುತ್ತದೆ. ಪಂಚಾಯತಿಯ ಸಂತಾಪ ಸಭೆಯಲ್ಲಿ ಒಬ್ಬೊಬ್ಬರೂ ಎದ್ದು ಅದನ್ನೇ ಆಡಿ ಕಣ್ಣೊರೆಸಿಕೊಂಡರು. ಒಂದು ಆಸ್ಪತ್ರೆಯಲ್ಲಿ ಒಂದೇ ಡ್ರಮ್ಮು ನೀರು ಯಾಕಿತ್ತು ಎಂದು ಒಬ್ಬನಾದರೂ ಕೇಳಿದನೇ? ಕೇಳಲಿಲ್ಲ. ಸಭೆಯ ಕೊನೆಗೆ ಕಾಕಾರ ನೆನಪಿಗೆ ಇನ್ನೊಂದು ಬಡಾವಣೆಗೆ ಅವರ ಹೆಸರಿಡುವುದೆಂದು ಠರಾವು ಮಾಡಿ ಚಹಾ ಕುಡಿದು ಎದ್ದರು.

ಮೊನ್ನೆ ಸುನೀತಾಳ ಅತ್ತೆ ಮೊಮ್ಮಗನನ್ನು ಚುಚ್ಚುಮದ್ದಿಗೆಂದು ದಿಬ್ಬಕ್ಕೆ ಎತ್ತಿಕೊಂಡು ಬಂದಳು. ಹಿರಿಯರು ಮಣ್ಣಾದ ದಿನ ಹುಟ್ಟಿದ ಗಂಡು ಕೂಸಿಗೆ ಅವರದೇ ಹೆಸರಿಡುವುದು ನಮ್ಮ ಕಡೆಯ ಪದ್ಧತಿ. ತೊಟ್ಟಿಲಿಗೆ ಹಾಕಿ ಕಾಕಾರ ಹೆಸರನ್ನೇ ಇಟ್ಟಿದ್ದರು. ಕಾಕಾರ ಮಗನೇ ಬಂದು ಕೂಸಿನ ಕೊರಳಿಗೆ ಸರ ಹಾಕಿ ಹೋಗಿದ್ದನಂತೆ. ಮುದುಕಿಗೆ ಹಿಗ್ಗು ತಡೆಯಲಾಗುತ್ತಿರಲಿಲ್ಲ.

‘ನೋಡ್ರಿ ಸಿಸ್ಟರ್, ಕಾಕಾನೇ ತಿರುಗಿ ಹುಟ್ಟಿ ಬಂದಾರ. ಅವರ ಪುಣ್ಯದಾಗೇ ನಮ್ಮ ಸೊಸಿ ಉಳದ್ಳು.’

ನಾನು ಕ್ಯಾನು ಖಾಲಿ ಮಾಡುತ್ತಿದ್ದವನು ಹಾಗೇ ನಿಂತೆ. ನನ್ನ ಹೆಂಡತಿ ಏನಾದರೂ ಹೇಳುತ್ತಾಳೆ ಎಂದುಕೊಂಡೆ. ಅವಳು ಒಂದು ತಂಬಿಗೆ ನೀರಿನಲ್ಲಿ ಕೈ ತೊಳೆದುಕೊಂಡು ಬಂದು, ಕೂಸಿನ ತೊಡೆ ಹಿಡಿದು ಸೂಜಿ ಚುಚ್ಚಿದಳು. ಕೂಸು ಮುಖ ಕೆಂಪಗೆ ಮಾಡಿಕೊಂಡು ದಿಬ್ಬ ಹಾರುವ ಹಾಗೆ ಅರಚಿತು. ಅವಳು ಅದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು.

‘ಅಳು ಕಾಕಾ, ಅಳು. ಈ ಸಲರೆ ಇಲ್ಲ ಅನ್ನೂದು ಕಲಿ.’